ರಾಜರೋಗವೂ ಹಳ್ಳಿಯ ಲೆಕ್ಕವೂ

ಪಂಚಾಂಗವನ್ನು ಬಲ್ಲವರಿಗೆ ‘ಕ್ಷಯ’ವೆಂಬುದು ಹೆದರಿಸುವ ಮಾತಲ್ಲ. ತಿಥಿಗೆ ವೃದ್ಧಿಯಿರುವಂತೆ ಕ್ಷಯವೂ ಉಂಟು. ಕೃಷ್ಣಪಕ್ಷದಲ್ಲಿ ಸವೆದ ಚಂದ್ರ ಶುಕ್ಲಪಕ್ಷದಲ್ಲಿ ಮತ್ತೆ ತುಂಬಿಕೊಳ್ಳುತ್ತಾನೆ. ಅದೇ ಮಾತು ಮನುಷ್ಯನ ಮೈಗೆ ತಗುಲಿದಾಗ ಮಾತ್ರ ನಮ್ಮ ಹಿರಿಯರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದನಿ ತಗ್ಗಿಸಿ ‘ಆ ಕಾಯಿಲೆ’ ಎನ್ನುತ್ತಿದ್ದರು. ಕೇಳಿದವರಿಗೆ ಅರ್ಥವಾಗುತ್ತಿತ್ತು.

ಈ ರೋಗಕ್ಕೆ ನಮ್ಮ ಹಳೆಯ ವೈದ್ಯಶಾಸ್ತ್ರ ಇಟ್ಟ ಹೆಸರು ರಾಜಯಕ್ಷ್ಮ. ದಕ್ಷನ ಇಪ್ಪತ್ತೇಳು ಮಂದಿ ಪುತ್ರಿಯರನ್ನು ವರಿಸಿದ ಚಂದ್ರ ರೋಹಿಣಿಯೊಬ್ಬಳಲ್ಲೇ ಅನುರಕ್ತನಾದದ್ದರಿಂದ ಮಾವನ ಶಾಪಕ್ಕೆ ಗುರಿಯಾಗಿ ಕ್ಷೀಣಿಸತೊಡಗಿದನೆಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಸೋಮನೆಂಬ ರಾಜನಿಗೆ ಮೊದಲು ಬಂದದ್ದರಿಂದ ಅದು ರಾಜಯಕ್ಷ್ಮ. ರೋಗಗಳಿಗೆಲ್ಲ ರಾಜನಾದ್ದರಿಂದ ಆ ಹೆಸರು ಬಂದಿತೆಂದು ಹೇಳುವುದೂ ಉಂಟು. ಮಹಾಭಾರತದಲ್ಲಿ ವಿಚಿತ್ರವೀರ್ಯ ತೀರಿಕೊಂಡದ್ದು ಈ ರೋಗದಿಂದಲೇ. ಹೀಗೆ ಪುರಾಣೇತಿಹಾಸಗಳು ಕ್ಷಯವನ್ನು ಅರಮನೆಯ ಅಂತಃಪುರದಲ್ಲಿ ಕೂರಿಸಿಬಿಟ್ಟವು. ಭೋಗದಲ್ಲಿ ಮುಳುಗಿದವನಿಗೆ ಬರುವ ಬೇನೆ ಇದು ಎಂಬ ಭಾವನೆ ನಮ್ಮಲ್ಲಿ ಬೇರೂರಿತು.

ಚರಕಸಂಹಿತೆ ಈ ಕಥೆಯನ್ನು ಹೇಳುತ್ತದೆ, ನಿಜ. ಆದರೆ ರೋಗದ ಕಾರಣಗಳನ್ನು ಎಣಿಸುವಾಗ ಅದು ಅಂತಃಪುರದಲ್ಲಿ ನಿಲ್ಲುವುದಿಲ್ಲ. ಅದು ಹೇಳುವ ಕಾರಣಗಳು ನಾಲ್ಕು: ಸಾಹಸ, ವೇಗಸಂಧಾರಣ, ಕ್ಷಯ, ವಿಷಮಾಶನ. ಇಲ್ಲಿ ‘ಸಾಹಸ’ವೆಂದರೆ ನಾವು ಈಗ ಹೇಳುವ ಪರಾಕ್ರಮವಲ್ಲ. ತನ್ನ ಶಕ್ತಿಗೆ ಮೀರಿ ದುಡಿಯುವುದು, ಭಾರ ಹೊರುವುದು, ದೂರ ನಡೆಯುವುದು ಎಂದು ಅದರ ಅರ್ಥ. ಮಲಮೂತ್ರಾದಿಗಳನ್ನು ತಡೆಹಿಡಿಯುವುದು ವೇಗಸಂಧಾರಣ. ದುಃಖದಿಂದ, ಉಪವಾಸದಿಂದ, ಅತಿಭೋಗದಿಂದ ದೇಹದ ಸಾರ ಬತ್ತುವುದು ಕ್ಷಯ. ವಿಷಮಾಶನವೆಂದರೆ ಹೊತ್ತುಗೊತ್ತಿಲ್ಲದ, ಹಿತವಲ್ಲದ ಊಟ. ಈ ನಾಲ್ಕರಲ್ಲಿ ಎಷ್ಟು ಅರಸನಿಗೆ ಸಲ್ಲುತ್ತವೆ, ಎಷ್ಟು ಕೂಲಿಯವನಿಗೆ ಸಲ್ಲುತ್ತವೆ ಎಂಬುದನ್ನು ತಾವೇ ಯೋಚಿಸಬಹುದು. ಕಾವ್ಯಗಳು ಚಂದ್ರನ ಕಥೆಯನ್ನು ಉಳಿಸಿಕೊಂಡವು. ಭಾರ ಹೊತ್ತವನ ಮಾತನ್ನು ಬಿಟ್ಟುಬಿಟ್ಟವು.

ಕ್ಷಯ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು, ಮುಖ್ಯವಾಗಿ ಹಳೆಯ ಮೈಸೂರು ಸೀಮೆಯ ಮಟ್ಟಿಗೆ, ನೋಡಬೇಕೆಂಬುದು ನನ್ನ ಉದ್ದೇಶ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿದವನು. ಆದರೆ ಲೆಕ್ಕದ ಪುಸ್ತಕವೂ ಒಂದು ಪಠ್ಯವೇ. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂದು ಓದುವ ಅಭ್ಯಾಸ ನಮ್ಮಂಥವರಿಗೆ ಇರಬೇಕು.

ಹತ್ತೊಂಬತ್ತನೆಯ ಶತಮಾನದ ಲೆಕ್ಕದಲ್ಲಿ ಕ್ಷಯವೇ ಕಾಣುವುದಿಲ್ಲವೆಂದರೆ ಹೆಚ್ಚು ತಪ್ಪಾಗದು. ಹಳ್ಳಿಯಲ್ಲಿ ಸತ್ತವರ ವಿವರ ಬರೆದುಕೊಳ್ಳುತ್ತಿದ್ದವರು ವೈದ್ಯರಲ್ಲ, ಗ್ರಾಮಾಧಿಕಾರಿಗಳು. ಕಾಲರಾ, ಸಿಡುಬು, ಆಮೇಲೆ ಪ್ಲೇಗು, ಇವು ಕಣ್ಣಿಗೆ ಹೊಡೆದು ಕಾಣುವ ರೋಗಗಳಾದ್ದರಿಂದ ಅವಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಉಳಿದ ಬಹುಪಾಲು ಸಾವುಗಳೆಲ್ಲ ‘ಜ್ವರ’ ಎಂಬ ಒಂದೇ ಕಲಮಿನೊಳಗೆ ಹೋಗಿ ಬಿದ್ದವು. ಸಂಜೆಯಾದರೆ ಮೈ ಬೆಚ್ಚಗಾಗಿ, ರಾತ್ರಿ ಬೆವರಿ, ವರ್ಷಗಟ್ಟಲೆ ಕೆಮ್ಮಿ, ಕಡ್ಡಿಯಂತಾಗಿ ಸತ್ತವನೂ ಜ್ವರದಿಂದಲೇ ಸತ್ತವನು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ನಡುವೆ 1876–78ರ ಮಹಾಕ್ಷಾಮ ಬಂದು ಹೋಗಿತ್ತು. ಆ ಹಸಿವಿನ ಮೈಗಳಲ್ಲಿ ಎಷ್ಟು ಎದೆಗಳು ಕ್ಷಯಕ್ಕೆ ತುತ್ತಾದವೋ ಜ್ವರದ ಕಲಮು ಹೇಳುವುದಿಲ್ಲ. ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟದ್ದು 1882ರ ಮಾರ್ಚಿಯಲ್ಲಿ. ನಮ್ಮ ಕ್ಷಾಮ ಕಳೆದು ನಾಲ್ಕು ವರ್ಷಗಳಾಗಿದ್ದವು.

ನಮ್ಮಲ್ಲಿ ರೋಗ ಕಣ್ಣಿಗೆ ಬಿದ್ದದ್ದು ಅದು ಅರಮನೆಯನ್ನು ಹೊಕ್ಕಾಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದೇ ಕಾಯಿಲೆಗೆ ಬಲಿಯಾದರು. ಅವರ ನೆನಪಿಗಾಗಿ 1921ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದದ್ದೇ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆರೋಗ್ಯಧಾಮ. ಸ್ವಂತ ಮನೆಯ ದುಃಖವನ್ನು ಅರಸರು ಸಾರ್ವಜನಿಕರ ಉಪಯೋಗಕ್ಕೆ ಬರುವಂತೆ ತಿರುಗಿಸಿದರು. ಇದು ಸಣ್ಣ ಮಾತಲ್ಲ. ಅನೇಕ ಅರಮನೆಗಳಲ್ಲಿ ಇಂಥ ಸಾವುಗಳು ಗೋಡೆಯಾಚೆಗೆ ಬಾರದೆ ಮುಗಿದುಹೋಗಿರಬೇಕು.

ಇದೇ ಹೊತ್ತಿಗೆ, 1920ರಲ್ಲಿ, ಆರ್ಥರ್ ಲ್ಯಾಂಕೆಸ್ಟರ್ ಎಂಬ ವೈದ್ಯರು ಭಾರತದಲ್ಲಿ ಕ್ಷಯದ ಸ್ಥಿತಿಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಕಿಕ್ಕಿರಿದ ನಗರಗಳು, ಗಾಳಿ ಬೆಳಕಿಲ್ಲದ ಮನೆಗಳು, ಆ ಮನೆಗಳೊಳಗೆ ಪರದೆಯ ಮರೆಯಲ್ಲಿ ಬಾಳುವ ಹೆಂಗಸರು ಅವರ ಕಣ್ಣಿಗೆ ಮುಖ್ಯವಾಗಿ ಬಿದ್ದರು. ರೋಗ ಪೇಟೆಯಲ್ಲಿ ಹುಟ್ಟಿ ರೈಲು ರಸ್ತೆಗಳ ಜೊತೆಗೆ ಹಳ್ಳಿಗೆ ಇಳಿಯುತ್ತದೆ ಎಂಬುದು ಆ ಕಾಲದ ವಿಚಾರವಂತರ ಸಾಮಾನ್ಯ ನಂಬಿಕೆಯಾಗಿತ್ತು. ಹಳ್ಳಿಯೆಂದರೆ ಬಯಲು, ಬಿಸಿಲು, ಶುದ್ಧವಾದ ಗಾಳಿ. ಅಲ್ಲಿ ಕ್ಷಯಕ್ಕೆ ಏನು ಕೆಲಸ? ಆರೋಗ್ಯಧಾಮಗಳನ್ನು ಊರಾಚೆಯ ಬಯಲಿನಲ್ಲಿ ಕಟ್ಟಿದ್ದರ ಹಿಂದೆಯೂ ಇದೇ ಭಾವನೆಯಿತ್ತು. ನಮ್ಮ ಕಥೆ ಕಾದಂಬರಿಗಳೂ ಚಲಚ್ಚಿತ್ರಗಳೂ ಇದನ್ನೇ ನೆಚ್ಚಿಕೊಂಡವು. ಅವುಗಳ ಕ್ಷಯರೋಗಿ ಓದಿದವನು, ಸೂಕ್ಷ್ಮ ಮನಸ್ಸಿನವನು, ಪ್ರಾಯದವನು. ಬಿಳಿಯ ಕರವಸ್ತ್ರದ ಮೇಲೆ ಒಂದು ಹನಿ ರಕ್ತ. ಕರವಸ್ತ್ರವೇ ಇಲ್ಲದ ರೋಗಿಯನ್ನು ಕಾದಂಬರಿಯಲ್ಲಿ ಹುಡುಕುವುದು ಕಷ್ಟ.

ಅಂಥ ರೋಗಿಗಳು ಕೋಲಾರದ ಚಿನ್ನದ ಗಣಿಗಳಲ್ಲಿದ್ದರು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಧೂಳು ಶ್ವಾಸಕೋಶದೊಳಗೆ ನೆಲೆಸಿ ಅದನ್ನು ಗಟ್ಟಿಯಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ಧೂಳುರೋಗ ಹಿಡಿದ ಎದೆಗೆ ಕ್ಷಯ ಸುಲಭವಾಗಿ ನುಗ್ಗುತ್ತದೆ. ಗಣಿಗಳಲ್ಲಿ 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಮಿಕ್ಕವರಲ್ಲಿ ಧೂಳುರೋಗ ಕಂಡಿತು. ಅಂದರೆ ಸುಮಾರು ಅರ್ಧ ಪಾಳೆಯವೇ ಬಾಗಿಲು ತೆರೆದುಕೊಂಡು ಕುಳಿತಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಎದೆಯೊಳಗಿನ ಧೂಳು ಅಂದೇ ಹೊರಟುಹೋಗಲಿಲ್ಲ.

ಸ್ವಾತಂತ್ರ್ಯಾನಂತರ, 1955ರಿಂದ 58ರವರೆಗೆ, ದೇಶಾದ್ಯಂತ ಮಾದರಿ ಸಮೀಕ್ಷೆಯೊಂದು ನಡೆಯಿತು. ಪೇಟೆಯ ರೋಗವೆಂಬ ಹಳೆಯ ನಂಬಿಕೆ ಅಲ್ಲಿ ಕುಸಿಯಿತು. ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ರೋಗದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಕಫದಲ್ಲಿ ರೋಗಾಣುವಿದ್ದವರು, ಎಂದರೆ ಬೇರೆಯವರಿಗೆ ಹರಡಬಲ್ಲವರು, ಸಾವಿರಕ್ಕೆ ಸುಮಾರು ನಾಲ್ಕು ಮಂದಿ. ಹಳ್ಳಿಗಳ ಜನಸಂಖ್ಯೆ ಪಟ್ಟಣಗಳಿಗಿಂತ ಎಷ್ಟೋ ಪಾಲು ದೊಡ್ಡದಾದ್ದರಿಂದ, ರೋಗಿಗಳ ಪೈಕಿ ಬಹುಮಂದಿ ಹಳ್ಳಿಗರೇ ಎಂದಾಯಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾದದ್ದು ಇದರ ಬೆನ್ನಿಗೇ. ಮೈಸೂರು ಅರಸರಿಗೆ ಸೇರಿದ್ದ ‘ಅವಲಾನ್’ ಎಂಬ ಬಂಗಲೆಯಲ್ಲಿ ನೆಲೆಗೊಂಡ ಆ ಸಂಸ್ಥೆಯನ್ನು 1960ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅರಮನೆಯ ನಂಟು ಈ ರೋಗವನ್ನು ಬಿಡಲಿಲ್ಲ ನೋಡಿ! ಆದರೆ ಈ ಸಾರಿ ಬಂಗಲೆಯಿಂದ ಹೊರಟವರು ತುಮಕೂರು ಜಿಲ್ಲೆಯ ಹಳ್ಳಿಗಳ ಹಾದಿ ಹಿಡಿದರು.

ತುಮಕೂರಿನಲ್ಲಿ ನಡೆದ ಒಂದು ವಿಚಾರಣೆಯನ್ನು ನಾನು ಕೊಂಚ ವಿಸ್ತಾರವಾಗಿ ಹೇಳಬೇಕು. ಸಮೀಕ್ಷೆಯಲ್ಲಿ ರೋಗಿಗಳು ಯಾರೆಂದು ಗೊತ್ತಾದ ಮೇಲೆ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಆ ರೋಗಿಗಳಿಂದಲೇ ವಿಷಯ ತಿಳಿಯಲು ಹೊರಟರು. ಆವರೆಗೆ ತಿಳಿದವರೆನಿಸಿಕೊಂಡವರ ನಂಬಿಕೆ ಏನಿತ್ತು? ಹಳ್ಳಿಯವನು ಅಜ್ಞಾನಿ, ಕೆಮ್ಮನ್ನು ಕಡೆಗಣಿಸುತ್ತಾನೆ, ಆಸ್ಪತ್ರೆಯ ಕಡೆ ಮುಖ ಹಾಕುವುದಿಲ್ಲ, ಆದ್ದರಿಂದ ನಾವೇ ಎಕ್ಸ್‌ರೇ ಗಾಡಿಗಳನ್ನು ಹೊಡೆದುಕೊಂಡು ಹೋಗಿ ಅವನನ್ನು ಹಿಡಿಯಬೇಕು ಎಂದು. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯದನ್ನೇ ಹೇಳಿತು. ಕಫದಲ್ಲಿ ರೋಗಾಣುವಿದ್ದವರ ಪೈಕಿ ನೂರಕ್ಕೆ 95 ಮಂದಿಗೆ ತಮ್ಮ ಲಕ್ಷಣಗಳ ಅರಿವು ಚೆನ್ನಾಗಿಯೇ ಇತ್ತು. 72 ಮಂದಿ ಅದಕ್ಕಾಗಿ ಚಿಂತೆಗೀಡಾಗಿದ್ದರು. 52 ಮಂದಿ, ಅರ್ಧಕ್ಕೂ ಹೆಚ್ಚು ಜನ, ಆಗಲೇ ಇಂಗ್ಲಿಷ್ ವೈದ್ಯದ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಸಾಮಾನ್ಯವಾಗಿ ಅವರ ಕೈಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಮಿಕ್ಸ್ಚರು.

ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೋ ಗಾಡಿಗೋ ಕಾದು, ಸಾಲಿನಲ್ಲಿ ನಿಂತು, ‘ಎದೆ ನೋಯುತ್ತದೆ ಸ್ವಾಮಿ, ತಿಂಗಳುಗಳಿಂದ ಕೆಮ್ಮು’ ಎಂದು ಹೇಳಿಕೊಳ್ಳುವವನನ್ನು ಕಲ್ಪಿಸಿಕೊಳ್ಳಿ. ಅವನ ಕಫವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಅಲ್ಲಿಯೇ ಉತ್ತರವಿತ್ತು. ನೋಡಲಿಲ್ಲ. ಅಜ್ಞಾನವೆಂಬ ಮಾತನ್ನು ಈ ವ್ಯವಹಾರದಲ್ಲಿ ಯಾರಿಗೆ ಹಚ್ಚಬೇಕೆಂಬುದನ್ನು ಆ ಅಂಕಿಗಳು ತೀರ್ಮಾನಿಸಿದವು. 1962ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲೆಯ ಮಾಮೂಲು ಆಸ್ಪತ್ರೆಗಳಲ್ಲಿಯೇ, ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಪರೀಕ್ಷಿಸಬೇಕೆಂಬ ತತ್ತ್ವದ ಮೇಲೆ ನಿಂತಿತು. ಆ ತತ್ತ್ವದ ಬುಡದಲ್ಲಿರುವುದು ತುಮಕೂರು ಜಿಲ್ಲೆಯ ರೋಗಿಗಳ ಮಾತು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿನವಾದದ್ದು. ನೆಲಮಂಗಲ, ದೇವನಹಳ್ಳಿ, ಮಾಗಡಿ, ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದ ಈ ಮೂರು ತಾಲ್ಲೂಕುಗಳಲ್ಲಿ 119 ಹಳ್ಳಿಗಳನ್ನು ಆರಿಸಿಕೊಂಡು 1961ರಿಂದ 1968ರವರೆಗೆ ನಾಲ್ಕು ಸಾರಿ ಮನೆಮನೆಗೂ ಹೋಗಿ ಬಂದರು. ಮುಂಗೈಗೆ ಸೂಜಿ ಚುಚ್ಚಿ ಸೋಂಕಿದೆಯೇ ಎಂದು ನೋಡುವುದು, ಎದೆಯ ಚಿತ್ರ ತೆಗೆಯುವುದು, ಅನುಮಾನ ಬಂದವರ ಕಫ ಪರೀಕ್ಷಿಸುವುದು. ಸುಮಾರು 65,000 ಜನರ ಲೆಕ್ಕವಿದು. ಜಗತ್ತಿನಲ್ಲಿ ಇಂಥ ಕೆಲಸ ನಡೆದಿರುವ ಕಡೆಗಳು ಬಹಳ ಇಲ್ಲ. ಮೊದಲ ಸುತ್ತಿನಲ್ಲಿ ಕಂಡ ರೋಗಿಗಳಲ್ಲಿ 126 ಮಂದಿಯನ್ನು ಐದು ವರ್ಷ ಹಿಂಬಾಲಿಸಿದರು. ಐದು ವರ್ಷಗಳ ಕೊನೆಯಲ್ಲಿ ಅವರಲ್ಲಿ ನೂರಕ್ಕೆ 49ರಷ್ಟು ಮಂದಿ ಸತ್ತಿದ್ದರು. 18ರಷ್ಟು ಮಂದಿ ಇನ್ನೂ ರೋಗಾಣುವನ್ನು ಉಗುಳುತ್ತಿದ್ದರು. ಉಳಿದವರು, ಸುಮಾರು ಮೂರರಲ್ಲೊಂದು ಪಾಲು, ತಾವಾಗಿ ಗುಣಹೊಂದಿದ್ದರು.

ತಾವಾಗಿ ಎಂದೆ. ಏಕೆಂದರೆ ಆ ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಕ್ಷಯ ನಿಯಂತ್ರಣದ ಸಂಘಟಿತ ಪ್ರಯತ್ನವೇನೂ ನಡೆದಿರಲಿಲ್ಲ. ಮದ್ದಿಲ್ಲದಿದ್ದರೆ ರೋಗ ಯಾವ ಗತಿಯಲ್ಲಿ ಸಾಗುತ್ತದೆಂಬುದು ಅಲ್ಲಿ ಬರೆದಂತೆ ಕಂಡಿತು. ಐಸೋನಿಯಾಜಿಡ್ ಎಂಬ ಅಗ್ಗದ, ಒಳ್ಳೆಯ ಔಷಧ 1952ರಿಂದಲೇ ಬಳಕೆಗೆ ಬಂದಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಅಂದಿನ ನೀತಿಯನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದೆಂದು ಹೇಳುವವರಿದ್ದಾರೆ. ಆ ಲೆಕ್ಕದಿಂದ ಲಕ್ಷಾಂತರ ಜನಕ್ಕೆ ಉಪಕಾರವಾಯಿತೆಂಬುದೂ ಸತ್ಯ. ಆದರೂ ನನ್ನ ಮನಸ್ಸು ಪೂರ್ಣವಾಗಿ ಒಪ್ಪುವುದಿಲ್ಲ. ನೂರಕ್ಕೆ ಇಷ್ಟು ಎಂಬ ಮಾತನ್ನು ಬಿಟ್ಟು ತಲೆ ಎಣಿಸಿದರೆ ಸತ್ತವರು 62 ಮಂದಿ. ಅವರು ಇದ್ದ ಊರು ಗೊತ್ತಿತ್ತು, ಮನೆ ಗೊತ್ತಿತ್ತು, ಎದೆಯೊಳಗಿನ ರೋಗವೂ ಗೊತ್ತಿತ್ತು. 1974ರಲ್ಲಿ ಅಚ್ಚಾದ ಈ ಅಂಕಿಗಳನ್ನು ಕ್ಷಯದ ವಿಷಯ ಬರೆಯುವ ಜಗತ್ತಿನ ವಿದ್ವಾಂಸರು ಇಂದಿಗೂ ಉಲ್ಲೇಖಿಸುತ್ತಾರೆ. ತುರುಗೋಳಿನಲ್ಲಿ ದನ ಬಿಡಿಸಿ ಮಡಿದವನಿಗೂ ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದ ನಾಡು ನಮ್ಮದು. ಅರಮನೆಯ ಹೆಣ್ಣುಮಗಳ ಹೆಸರಿನಲ್ಲಿ ಆರೋಗ್ಯಧಾಮ ನಿಂತಿತು. ಈ 62 ಮಂದಿಗೆ ಒಂದು ಕೋಷ್ಟಕದ ಒಂದು ಸಾಲು.

ಆ ಸಾಲುಗಳು ಯಾರ ಕಡೆ ಬೆರಳು ತೋರಿಸಿದವು? ಪ್ರಾಯದ ಕವಿಯ ಕಡೆಗಂತೂ ಅಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ರೋಗ ಹೆಚ್ಚು. ವಯಸ್ಸು ಏರಿದಂತೆ ಇನ್ನೂ ಹೆಚ್ಚು. ಮುಂದೆ 1980ರ ದಶಕದವರೆಗೆ ಇದೇ ಸೀಮೆಯ ಕೆಲವು ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ನೋಡಿದಾಗ ಒಂದು ನಿಧಾನವಾದ ಬದಲಾವಣೆ ಕಾಣಿಸಿತು. ಮಕ್ಕಳಿಗೆ ಹೊಸದಾಗಿ ಸೋಂಕು ತಗಲುವ ಪ್ರಮಾಣ, ಮೊದಲು ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಇದ್ದದ್ದು, ಮೆಲ್ಲನೆ ಇಳಿಯುತ್ತಿತ್ತು. ರೋಗಿಗಳ ವಯಸ್ಸು ಮೇಲಕ್ಕೆ ಸರಿಯುತ್ತಿತ್ತು. ರೋಗಿಗಳ ಸಂಖ್ಯೆ ಮಾತ್ರ ಅಷ್ಟಾಗಿ ಕುಗ್ಗಲಿಲ್ಲ.

ಈ ಒಗಟನ್ನು ಬಿಡಿಸುವ ಕೀಲಿಕೈ ಅಮೆರಿಕದ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಎಂಬ ವಿದ್ವಾಂಸರು ಬರೆದ ಪುಟ್ಟ ಲೇಖನವೊಂದರಲ್ಲಿದೆ. ಅವರು ತೀರಿಕೊಂಡ ಮೇಲೆ, 1939ರಲ್ಲಿ, ಅದು ಅಚ್ಚಾಯಿತು. ಮ್ಯಾಸಚೂಸೆಟ್ಸ್ ಪ್ರಾಂತದ ಹಲವು ದಶಕಗಳ ಮರಣಗಳನ್ನು ಅವರು ಸತ್ತ ವರ್ಷದ ಪ್ರಕಾರ ಜೋಡಿಸುವುದರ ಬದಲು ಹುಟ್ಟಿದ ಪೀಳಿಗೆಯ ಪ್ರಕಾರ ಜೋಡಿಸಿದರು. ಮುದುಕರಲ್ಲಿ ಕ್ಷಯ ಹೆಚ್ಚಿರುವುದಕ್ಕೆ ಮುಪ್ಪೊಂದೇ ಕಾರಣವಲ್ಲ, ಅವರು ಮಕ್ಕಳಾಗಿದ್ದಾಗ ಊರಿನಲ್ಲಿ ಸೋಂಕು ಹೆಚ್ಚಿತ್ತು ಎಂಬುದು ಆಗ ಹೊಳೆಯಿತು. ಈ ರೋಗಾಣು ಒಳಹೊಕ್ಕ ಕೂಡಲೇ ಕೊಲ್ಲುವುದಿಲ್ಲ. ಹೆಚ್ಚಿನವರಲ್ಲಿ ಅದು ಜೀವಮಾನವೆಲ್ಲ ತೆಪ್ಪಗೆ ಮಲಗಿರುತ್ತದೆ. ಹತ್ತರಲ್ಲೊಬ್ಬರಲ್ಲಿ ಎಂದಾದರೊಂದು ದಿನ ಏಳುತ್ತದೆ. ನಡುವಯಸ್ಸು ದಾಟಿದ ರೈತನ ಕೆಮ್ಮು ಅವನ ಬಾಲ್ಯದ ಸಮಾಚಾರವಾಗಿರಬಹುದು. ಚರಿತ್ರೆಯ ಪಾಠ ಹೇಳುವವರು ಈ ರೋಗವನ್ನು ಓದಬೇಕೆನ್ನುವುದು ಇದಕ್ಕೇ.

ಮಲಗಿದ್ದುದು ಏಳುವುದು ಯಾವಾಗ? ಇಲ್ಲಿ ಚರಕನ ಕಡೆಗೆ ಮತ್ತೊಮ್ಮೆ ಹೋಗಬೇಕಾಗಿದೆ. ಆದರೆ ನಡುವೆ ಮದರಾಸಿನ ಒಂದು ಪ್ರಯೋಗವಿದೆ. ಅಲ್ಲಿ 1956ರಿಂದ ನಡೆದ ಪರೀಕ್ಷೆಯಲ್ಲಿ ಅರ್ಧ ರೋಗಿಗಳಿಗೆ ಆರೋಗ್ಯಧಾಮದಲ್ಲಿ ಒಳ್ಳೆಯ ಊಟ, ವಿಶ್ರಾಂತಿಗಳ ಜೊತೆಗೆ ಮದ್ದು ಕೊಟ್ಟರು. ಇನ್ನರ್ಧ ರೋಗಿಗಳು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ, ತಮ್ಮ ಗಂಜಿಯನ್ನೇ ಕುಡಿದು ಅದೇ ಮದ್ದು ನುಂಗಿದರು. ಗುಣವಾದ ಪ್ರಮಾಣದಲ್ಲಿ ಹೆಚ್ಚಿನ ಭೇದ ಕಾಣಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಆರೋಗ್ಯಧಾಮಗಳ ಯುಗ ಮುಗಿಯಿತೆಂದೇ ಹೇಳಬೇಕು. ಬಡವನಿಗೆ ಇದರಿಂದ ಮಹದುಪಕಾರವಾಯಿತು. ಆದರೆ ಇನ್ನೊಂದು ಕಡೆ ಒಂದು ಎಡವಟ್ಟೂ ಆಯಿತು. ಮದ್ದಿದ್ದರೆ ಊಟ ಮುಖ್ಯವಲ್ಲ ಎಂಬ ಮಾತು, ರೋಗ ಬರುವುದಕ್ಕೂ ಊಟಕ್ಕೂ ಸಂಬಂಧವಿಲ್ಲ ಎಂಬಂತೆ ಕಾರ್ಯಕ್ರಮಗಳಲ್ಲಿ ಬೆಳೆದುಕೊಂಡಿತು. ಗುಣವಾಗುವುದು ಬೇರೆ, ಬಾರದಿರುವುದು ಬೇರೆ.

ಅದನ್ನು ತೋರಿಸಿಕೊಟ್ಟ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಅದರ ಮುಂಚೂಣಿಯಲ್ಲಿದ್ದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನವರು. ಪ್ರಯೋಗ ನಡೆದದ್ದು ಜಾರ್ಖಂಡಿನಲ್ಲಿ. ರೋಗಿಗಳಿಗೆಲ್ಲ ಮದ್ದೂ ಆಹಾರವೂ ದೊರೆಯಿತು. ಇಷ್ಟರ ಮೇಲೆ ಕೆಲವು ರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ತೊಗರಿಬೇಳೆ, ಜೀವಸತ್ವದ ಗುಳಿಗೆಗಳನ್ನು ಹಂಚಿದರು. ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದ ಈ ಪರೀಕ್ಷೆಯಲ್ಲಿ, ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ರೋಗ ಬಿದ್ದದ್ದು ಉಳಿದ ಮನೆಗಳಿಗಿಂತ ನೂರಕ್ಕೆ 39ರಷ್ಟು ಕಡಿಮೆ. ಇದನ್ನು ಓದಿದಾಗ ನನಗೆ ‘ವಿಷಮಾಶನ’ವೆಂಬ ಪದ ನೆನಪಾಯಿತು. ಚರಕನಿಗೆ ರೋಗಾಣು ಗೊತ್ತಿತ್ತೆಂದು ಸಾಧಿಸುವ ಹುರುಪು ನನಗಿಲ್ಲ, ಗೊತ್ತಿರಲಿಲ್ಲ. ಆದರೆ ಭಾರ ಹೊರುವವನನ್ನೂ ಹೊತ್ತಿಗೆ ಉಣ್ಣದವನನ್ನೂ ಅವನು ನೋಡಿದ್ದ.

ಈಚಿನ ಕಾಲದಲ್ಲಿ ಇನ್ನೂ ಕೆಲವರು ಈ ಗುಂಪಿಗೆ ಬಂದು ಸೇರಿದರು. ಎಚ್.ಐ.ವಿ. ಸೋಂಕು ಪ್ರಾಯದವರನ್ನು ಮತ್ತೆ ಕ್ಷಯದ ದಾರಿಗೆ ಎಳೆದು ತಂದಿತು. ನಮ್ಮಲ್ಲಿ ಬಾಗಲಕೋಟೆ, ಬೆಳಗಾವಿಯಂಥ ಉತ್ತರದ ಜಿಲ್ಲೆಗಳು ಅದರ ಪೆಟ್ಟನ್ನು ಹೆಚ್ಚಾಗಿ ತಿಂದವು. 2004ರಿಂದ ಸರ್ಕಾರ ಉಚಿತವಾಗಿ ಮದ್ದು ಕೊಡತೊಡಗಿದ ಮೇಲೆ ಆ ವೇಗ ತಗ್ಗಿತು. ಸಕ್ಕರೆಕಾಯಿಲೆ ಇರುವವರಲ್ಲಿ ಕ್ಷಯದ ಸಂಭವ ಎರಡು ಮೂರು ಪಟ್ಟು ಹೆಚ್ಚು. ಹಸಿದ ಮೈಯನ್ನು ಹಿಡಿಯುವ ರೋಗ ಉಂಡ ಮೈಯನ್ನೂ ಹೀಗೆ ಇನ್ನೊಂದು ಬಾಗಿಲಿನಿಂದ ಹೊಗುತ್ತಿದೆ.

ದೇಶಾದ್ಯಂತ 2019ರಿಂದ 21ರವರೆಗೆ ಮತ್ತೊಂದು ಸಮೀಕ್ಷೆ ನಡೆಯಿತು. ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಎದೆಯ ಕ್ಷಯವಿರುವುದು ಕಂಡಿತು. ಸಾವಿರಕ್ಕೆ ನಾಲ್ಕೆಂಬ ಅರವತ್ತು ವರ್ಷ ಹಿಂದಿನ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಸಂತೋಷಪಡುವಂಥದು ಹೆಚ್ಚಿಲ್ಲ. ಎಣಿಸಿದ ವಯಸ್ಸುಗಳೂ ಪರೀಕ್ಷೆಯ ವಿಧಾನಗಳೂ ಬೇರೆಯಾದ್ದರಿಂದ ಎರಡನ್ನೂ ಸರಿಸಮ ತೂಗುವಂತೆಯೂ ಇಲ್ಲ. ಅದೇ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಅಂಕಿ. ರೋಗದ ಲಕ್ಷಣಗಳಿದ್ದವರ ಪೈಕಿ ನೂರಕ್ಕೆ 64 ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ತುಮಕೂರಿನಲ್ಲಿ ಎಣಿಸಿದ್ದು ರೋಗ ಖಚಿತವಾದವರನ್ನು, ಇಲ್ಲಿ ಎಣಿಸಿದ್ದು ಲಕ್ಷಣವಿದ್ದವರನ್ನೆಲ್ಲ. ಈ ಅಂತರವನ್ನು ಮರೆಯದೆಯೇ ಕೇಳುತ್ತೇನೆ. ಅಂದು ರಸ್ತೆಯಿಲ್ಲದ ಊರುಗಳಿಂದ ಅರ್ಧಕ್ಕೂ ಹೆಚ್ಚು ರೋಗಿಗಳು ತಾವಾಗಿ ಆಸ್ಪತ್ರೆಗೆ ನಡೆದು ಬಂದಿದ್ದರು. ಒಂದು ಸೀಸೆ ಮಿಕ್ಸ್ಚರು ಹಿಡಿದು ಊರಿಗೆ ಮರಳಿದವರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಏನು ಹೇಳಿರಬಹುದು?

ನೆಲಮಂಗಲ ತಾಲ್ಲೂಕಿನಲ್ಲಿ 2008–10ರಲ್ಲಿ ಮತ್ತೆ ಸಮೀಕ್ಷೆ ನಡೆದಾಗಲೂ ಹಳೆಯ ಚಿತ್ರವೇ ಕಾಣಿಸಿತು: ಗಂಡಸರಲ್ಲಿ ಹೆಚ್ಚು, ವಯಸ್ಸಾದವರಲ್ಲಿ ಹೆಚ್ಚು. ಆ ಸೀಮೆ ಈಗ ಗುರುತು ಸಿಗದಷ್ಟು ಬದಲಾಗಿದೆ. ದೇವನಹಳ್ಳಿಯ ಹೊಲಗಳಲ್ಲಿ ವಿಮಾನಗಳು ಇಳಿಯುತ್ತವೆ. ನೆಲಮಂಗಲದ ಹೆದ್ದಾರಿಯಲ್ಲಿ ರಾತ್ರಿಹಗಲು ಲಾರಿಗಳು. ಆ 119 ಹಳ್ಳಿಗಳಲ್ಲಿ 1961ರಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು, ಸೂಜಿ ಕಂಡು ಅತ್ತು, ಮುಂಗೈ ಚಾಚಿದ ಮಕ್ಕಳಿದ್ದರು. ಅವರಲ್ಲಿ ಕೆಲವರ ಕೈ ಮೂರು ನಾಲ್ಕು ದಿನದಲ್ಲಿ ಕೆಂಪಗೆ ಊದಿಕೊಂಡಿತು. ರೋಗಾಣು ಆಗಲೇ ಒಳಹೊಕ್ಕಿತ್ತೆಂದು ಅದರ ಅರ್ಥ. ಅವರು ನನ್ನ ಓರಗೆಯವರು. ಈಗ ಅರವತ್ತು ದಾಟಿದ್ದಾರೆ.